ಊರಿನ ಕೂಸಿಗೆ ರಕ್ತ ಕ್ಯಾನ್ಸರ್: ಚಂದಾ ಎತ್ತಿದ್ದಾಯ್ತು, ಮುಂದೇನು?

ಕುಷ್ಟಗಿ ಮಾಸ್ತರ
ನಮ್ಮ ಶಾಲೆಯ ಒಂದನೇ ತರಗತಿ ಹುಡುಗಿಗೆ ಎ.ಎಲ್.ಎಲ್. (ಮಕ್ಕಳಿಗೆ ಬರುವ ಒಂದು ಬಗೆಯ ರಕ್ತ ಕ್ಯಾನ್ಸರ್) ಅಂತ ಗೊತ್ತಾಗಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗಿದೆ. ತಂದೆ ತಾಯಿ ಕೂಲಿ ಮಾಡೋರು, ಬಿಪಿಎಲ್ ಕಾರ್ಡ್ ಐತಿ, ಮನೆಯಲ್ಲಿ ಇನ್ನೊಂದು ಸಣ್ಣ ಕೂಸು ಐತಿ. ಊರಲ್ಲಿ 40 ಸಾವಿರ ಕೂಡಿದೆ. ಒಮ್ಮೆಗೇ ಕೊಡೋದೋ? ರಕ್ತ ಕೊಡಾಕ 20 ಹುಡುಗರು ತಯಾರಿದ್ದಾರೆ. ಮತ್ತೇನು ಮಾಡಬೇಕು, ತಿಳಿದವರು ಹೇಳ್ರಿ.

ಆಸ್ಪತ್ರೆ ಕಾಗದಪತ್ರ
ಒಮ್ಮೆಗೇ ಕೊಡಬೇಡಿ ಸರ್. ಈ ಚಿಕಿತ್ಸೆ ಎರಡು, ಎರಡೂವರೆ ವರ್ಷದ್ದು. ಮೊದಲ ಆರೆಂಟು ತಿಂಗಳು ಓಡಾಟ ಹೆಚ್ಚು, ಆಮೇಲೆ ಮನೆಯಲ್ಲೇ ಮಾತ್ರೆ. ಕೂದಲು ಬಂದು ಕೂಸು ಆಡತೊಡಗಿದಾಗ 'ಆರಾಮಾತಲ್ಲ' ಅಂತ ಚಿಕಿತ್ಸೆ ಬಿಡುವವರೇ ಬಹಳ. ಆ ಹೊತ್ತಿಗೆ ಚಂದಾ ದುಡ್ಡೂ ಮುಗಿದಿರುತ್ತದೆ. ಮೊದಲ ಆರು ತಿಂಗಳು 3,000ದಂತೆ 18,000, ಉಳಿದ 22,000ವನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 900 ಚಿಲ್ಲರೆ. ತಾಯಿ ಖಾತೆಗೇ ಹಾಕಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಅದರಲ್ಲಿ ಬಾರದ್ದು ಬಾಡಿಗೆ, ಊಟ, ಹೋದ ಕೂಲಿ. ನಿಮ್ಮ ದುಡ್ಡು ಅದಕ್ಕಿರಲಿ. ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಡೆ: ಕೂಸಿನ ಹೆಸರು ರೇಷನ್ ಕಾರ್ಡಿನಲ್ಲಿ ಇರುವುದಿಲ್ಲ, ಅಥವಾ ಐದು ವರ್ಷ ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು ಕೊಟ್ಟಿರುವುದಿಲ್ಲ. ಇವೆರಡನ್ನೂ ಈ ವಾರವೇ ನೋಡಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯ ನಾಲ್ಕಾರು ಜೆರಾಕ್ಸ್ ಇಟ್ಟುಕೊಳ್ಳಲಿ. ಧರ್ಮಶಾಲೆಯಲ್ಲಿ ಜಾಗಕ್ಕೆ ಕಿದ್ವಾಯಿಯ ಸಮಾಜ ಕಾರ್ಯಕರ್ತರನ್ನು ಕೇಳಲಿ.

ಕೊಪ್ಪಳದಿಂದ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಆಸ್ಪತ್ರೆಯ ರಿಯಾಯಿತಿ ಫಾರಂ ಇದ್ದರೆ ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ, ಜೊತೆಗಿರುವ ಒಬ್ಬರಿಗೆ ಶೇ 75 ರಿಯಾಯಿತಿ. ಫಾರಂ ತೋರಿಸಿ ಸ್ಟೇಷನ್ ಕೌಂಟರಿನಲ್ಲೇ ಟಿಕೆಟ್ ತೆಗೆಸಿ. ಶಕ್ತಿ ಯೋಜನೆ ಸಾಮಾನ್ಯ ಬಸ್ಸಿಗಷ್ಟೇ, ಸ್ಲೀಪರ್ ಬಸ್ಸಿಗಿಲ್ಲ.

ರಕ್ತನಿಧಿ ಬಳ್ಳಾರಿ
20 ಹುಡುಗರು ಒಂದೇ ದಿನ ಬರೂದು ಬ್ಯಾಡ್ರಿ. ಈ ಕೂಸಿಗೆ ಹೆಚ್ಚು ಬೇಕಾಗೂದು ಪ್ಲೇಟ್ಲೆಟ್ (ರಕ್ತಸ್ರಾವ ನಿಲ್ಲಿಸೋ ರಕ್ತಕಣ), ಅದರ ಆಯುಷ್ಯ 5 ದಿನ. ಫ್ರಿಜ್‌ನಾಗೂ ಇಡಂಗಿಲ್ಲ, 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸ್ತಾ ಇಡಬೇಕು. ಕೊಪ್ಪಳದಾಗ ಕೊಟ್ಟರೆ ಬೆಂಗಳೂರಿನ ಕೂಸಿಗೆ ಮುಟ್ಟೂದಿಲ್ಲ. ಬೆಂಗಳೂರಿಗೆ ದುಡಿಯಾಕ ಹೋದ ನಿಮ್ಮ ಊರಿನ ಹುಡುಗರ ಪಟ್ಟಿ ಮಾಡ್ರಿ: ಹೆಸರು, ಗುಂಪು, ತೂಕ, ಕಡೇಗೆ ರಕ್ತ ಕೊಟ್ಟ ತಾರೀಖು. ಒಂದು ಸಲಕ್ಕೆ ಇಬ್ಬರನ್ನ ಕಳಿಸ್ರಿ.

ಯಂತ್ರದ ಮೇಲೆ ಪ್ಲೇಟ್ಲೆಟ್ ಕೊಡೋರು 50 ಕಿಲೋ ಮೇಲಿರಬೇಕು, ದಪ್ಪ ನರ ಬೇಕು, ಒಂದೂವರೆ ಎರಡು ತಾಸು ಹಿಡಿತದ. ಮೂರು ದಿನದಿಂದ ಆಸ್ಪಿರಿನ್ ನುಂಗಿರಬಾರದು. ಮೊನ್ನೆ ಕ್ಯಾಂಪಿನಾಗ ರಕ್ತ ಕೊಟ್ಟವರನ್ನ ವಾಪಸ್ ಕಳಿಸ್ತಾರ.

ಅಪ್ಪ, ಕಾಕಾ, ಮಾವ ಮುಂದ ಬಂದ್ರೆ ಡಾಕ್ಟರನ್ನ ಕೇಳದ ಕೊಡಸಬ್ಯಾಡ್ರಿ. ಮುಂದ ಅಸ್ಥಿಮಜ್ಜೆ ಕಸಿ ಬೇಕಾದ್ರೆ ಅವರ ರಕ್ತ ಏರಿಸಿದ್ದು ತೊಡಕಾಗ್ತದ. ಇನ್ನು ವಾಟ್ಸಾಪ್ ಸಂದೇಶ: ಆಸ್ಪತ್ರೆ, ವಾರ್ಡ್, ಗುಂಪು, ಏನು ಬೇಕು, ಎಷ್ಟು, ಯಾವ ತಾರೀಖಿನ ತನಕ. ಕೂಸಿನ ಫೋಟೋ ಬ್ಯಾಡ. ಸಿಕ್ಕ ಮ್ಯಾಲೆ 'ಸಿಕ್ಕಿತು' ಅಂತ ಹಾಕ್ರಿ, ಇಲ್ಲಾಂದ್ರ ಆರು ತಿಂಗಳಾದ್ರೂ ಫೋನ್ ಬರ್ತಾವ.

ಮಕ್ಕಳ ವಾರ್ಡ್ ಸಿಸ್ಟರ್
ದುಡ್ಡಿಗಿಂತ ಮೊದಲು ಜ್ವರದ ಲೆಕ್ಕ ನೋಡಿ. ಕಿಮೋ (ಕ್ಯಾನ್ಸರ್ ಔಷಧ) ಆದ 7ರಿಂದ 14 ದಿನದೊಳಗೆ ಬಿಳಿ ರಕ್ತಕಣ ತೀರಾ ಇಳಿಯುತ್ತವೆ. ಡಿಜಿಟಲ್ ಥರ್ಮಾಮೀಟರ್‌ನಲ್ಲಿ 100.4 ತೋರಿಸಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯುವಂತಿಲ್ಲ, ಕೂಡಲೇ ದೊಡ್ಡ ಆಸ್ಪತ್ರೆಗೆ. ತಲುಪಿದ ಒಂದು ತಾಸಿನೊಳಗೆ ನರಕ್ಕೆ ಆಂಟಿಬಯೋಟಿಕ್ ಬೀಳಬೇಕು. ಊರ ಡಾಕ್ಟರ ಹತ್ತಿರ ಸೊಂಟಕ್ಕೆ ಇಂಜೆಕ್ಷನ್ ಮಾಡಿಸಬೇಡಿ, ಪ್ಲೇಟ್ಲೆಟ್ ಕಡಿಮೆ ಇದ್ದರೆ ಚುಚ್ಚಿದಲ್ಲೇ ಒಳಗೆ ರಕ್ತ ಸೋರಿ ಗಡ್ಡೆ ಕಟ್ಟುತ್ತದೆ. ಜ್ವರ ಬಂದರೆ ಯಾವ ಔಷಧ ಅಂತ ಕಿದ್ವಾಯಿ ವೈದ್ಯರಿಂದ ಬರೆಸಿಕೊಂಡ ಚೀಟಿ ಫೈಲಿನ ಮೊದಲ ಹಾಳೆಯಾಗಿರಲಿ. ರಾತ್ರಿ ಯಾರ ಗಾಡಿ ಅನ್ನೋ ಸರದಿ ಪಟ್ಟಿ, ಇದೇ ನಿಮ್ಮ ಹುಡುಗರ ದೊಡ್ಡ ಕೆಲಸ.

ಮಾತ್ರೆ ಹಂತ ಬಂದಾಗ 6-ಎಂಪಿ (ಮರ್ಕಾಪ್ಟೊಪ್ಯೂರಿನ್) ಮಾತ್ರೆ ದಿನಾ ಒಂದೇ ಹೊತ್ತಿಗೆ, ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಈ ಮೆಥೋಟ್ರೆಕ್ಸೇಟನ್ನು ದಿನಾ ನುಂಗಿಸಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಬರುತ್ತದೆ. ತಾಯಿಗೆ ಓದು ಬಾರದಿದ್ದರೆ ಡಾಕ್ಟರ್ ಹೇಳಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿಕೊಡಿ, ಗುರುವಾರ ಅಂದಿದ್ದರೆ ಗುರುವಾರಗಳಿಗೆಲ್ಲ. ನಾಟಿ ಔಷಧ ಜೊತೆಗೆ ಬೇಡ, ಲಿವರ್‌ಗೆ ಎರಡು ಹೊರೆ.

ರೊಟ್ಟಿ ಕೊಡಬಹುದು, ಜೊತೆಗೆ ಹಸಿ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ಬೇಡ. ಬಂಡಿ ಮಿರ್ಚಿ, ಮಂಡಾಳ ಬೇಡ. ಕೊಪ್ಪಳದ ಗವಿಮಠದ ಜಾತ್ರೆಯ ಗದ್ದಲಕ್ಕೂ ಈ ವರ್ಷ ಬೇಡ.

ಕುಷ್ಟಗಿ ಮಾಸ್ತರ
ಗಾಡಿ ಪಟ್ಟಿ ಇವತ್ತೇ ಮಾಡಿಸ್ತೀನಿ ಸಿಸ್ಟರ್. ಹುಡುಗಿ ಶಾಲೆಗೆ ಬರೋದು?

ಮಕ್ಕಳ ವಾರ್ಡ್ ಸಿಸ್ಟರ್
ಮಾತ್ರೆ ಹಂತದಲ್ಲಿ, ವೈದ್ಯರು ಹೂಂ ಅಂದ ಮೇಲೆ, ಸರ್. ಇದು ಅಂಟುವ ರೋಗವಲ್ಲ, ಬಿಸಿಯೂಟದ ಸಾಲಿನಿಂದ ದೂರ ಕೂರಿಸಬೇಡಿ. ಆದರೆ ತರಗತಿಯಲ್ಲಿ ಯಾರಿಗಾದರೂ ಅಮ್ಮ (ಚಿಕನ್‌ಪಾಕ್ಸ್) ಅಥವಾ ದಡಾರ ಎದ್ದರೆ ಅವತ್ತೇ ತಾಯಿಗೆ ಫೋನ್ ಮಾಡಿ. ತಡೆ ಔಷಧ ಮೊದಲ ನಾಲ್ಕು ದಿನದಲ್ಲಿ ಕೊಟ್ಟರೇ ಚೆನ್ನಾಗಿ ಕೆಲಸ ಮಾಡುವುದು. ಇನ್ನೊಂದು, ಮನೆಯ ಸಣ್ಣ ಕೂಸಿಗೆ ಪೋಲಿಯೊ ಹನಿ ಹಾಕುವ ಮೊದಲು ಆಶಾ ಅಕ್ಕನಿಗೆ ವಿಷಯ ತಿಳಿಸಿ. ಅಂಥ ಮನೆಯಲ್ಲಿ ಹನಿ ಬದಲು ಇಂಜೆಕ್ಷನ್.