ಝೀರೋ ಎ.ಡಿ. ಪ್ರಾಣಿ ಪಡೆ ಮಾಡ್: ಆನೆ ಸಾಯ್ತಾನೇ ಇಲ್ಲ, ಬಂಡೆ ಸಂದೀಲಿ ಹೋಗ್ತಾನೂ ಇಲ್ಲ

ಗಜದಳ_ದಾವಣಗೆರೆ

ನಮಸ್ಕಾರ. ಪುರಾತನ ಕಾಲದ ಯುದ್ಧದ ಕಂಪ್ಯೂಟರ್ ಆಟ ಝೀರೋ ಎ.ಡಿ.ಯ 27ನೇ ಆಲ್ಫಾಗೆ (ಅಗ್ನಿ ಅನ್ನೋ ಆವೃತ್ತಿ) ಒಂದು ಪ್ರಾಣಿ ಪಡೆಯ ಮಾಡ್ (ಆಟಕ್ಕೆ ನಾವೇ ಸೇರಿಸೋ ಬದಲಾವಣೆ) ಮಾಡ್ತಾ ಇದೀನಿ. ಸದ್ಯದ ಪಟ್ಟಿ: ಮೌರ್ಯರಿಗೆ ಅಂಬಾರಿ ಇರೋ ಕವಚದ ಆನೆ, ಪರ್ಷಿಯನ್ನರಿಗೆ ಒಂಟೆ ದಳ, ಕಾರ್ತೇಜಿಗೆ ಹಾವಿನ ಮಡಕೆ ಎಸೆಯೋರು, ರೋಮನ್ನರಿಗೆ ಬೆಂಕಿ ಹಂದಿ, ಇನ್ನೊಂದು ಚೇಳಿನ ಮಡಕೆ. ಜೊತೆಗೆ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿ ಬೆಟ್ಟ ನೋಡಿಕೊಂಡು ಅಟ್ಲಾಸ್‌ನಲ್ಲಿ (ಆಟದ ಮ್ಯಾಪ್ ಎಡಿಟರ್) ಒಂದು ಮ್ಯಾಪ್.

ನಾಲ್ಕು ಕಡೆ ಸಿಕ್ಕಿಹಾಕಿಕೊಂಡಿದೀನಿ.

ಆನೆಗೆ ಹೆಲ್ತ್ 1500, ಹ್ಯಾಕ್ (ಕಡಿಯೋ ಏಟು) ಮತ್ತು ಪಿಯರ್ಸ್ (ಚುಚ್ಚೋ ಏಟು) ರೆಸಿಸ್ಟನ್ಸ್ (ತಡೆಯೋ ಶಕ್ತಿ) ಎರಡೂ 20 ಇಟ್ಟಿದೀನಿ. 20 ಜನ ಈಟಿಯವರು ಸುತ್ತುವರಿದರೂ ಅಲ್ಲಾಡಲ್ಲ. 20 ಅಂದ್ರೆ ಶೇಕಡಾ 20 ಕಡಿತ ತಾನೇ?

ಆನೆಲಾಯದ ಫೈಲ್‌ಗೆ ಹೊಸ ಯೂನಿಟ್ ಸೇರಿಸಿದೆ. ಹೊಸದೂ ಬರಲಿಲ್ಲ, ಮೊದಲಿದ್ದ ಆನೆಗಳೂ ಮಾಯ.

ಮ್ಯಾಪ್‌ನಲ್ಲಿ ಎರಡು ಬಂಡೆ ನಡುವಿನ ದಾರೀಲಿ ಸೈನಿಕರು ಹೋಗ್ತಾರೆ, ಆನೆ ಬಾಯಲ್ಲೇ ನಿಂತು ಸುತ್ತು ಹೊಡೆಯುತ್ತೆ. ಅದಕ್ಕಿಂತ ವಿಚಿತ್ರ, ಕೆಲವು ಬಂಡೆಗಳೊಳಗೇ ಸೈನಿಕರು ತೂರಿಕೊಂಡು ಹೋಗ್ತಾರೆ.

ಕೊನೇದು, ಆನೆಗೆ ಮದವೇರಿ ತನ್ನವರನ್ನೇ ತುಳಿಯೋ ಹಾಗೆ ಮಾಡೋದು ಹೇಗೆ? ಈ ಆಟದಲ್ಲಿ ಸೈನಿಕರ ಧೈರ್ಯ ಅಳೆಯೋ ಲೆಕ್ಕವೇ ಇಲ್ಲವಲ್ಲ.

---

ಕಲ್ಲಿನಕೋಟೆ

ಮೊದಲನೇದು ಲೆಕ್ಕದ ತಪ್ಪು. ಇಲ್ಲಿ ರೆಸಿಸ್ಟನ್ಸ್ ಶೇಕಡಾವಾರು ಅಲ್ಲ, ಮಟ್ಟ. ಒಂದೊಂದು ಮಟ್ಟಕ್ಕೂ ಬೀಳೋ ಏಟು 0.9ರಿಂದ ಗುಣಾಕಾರ ಆಗುತ್ತೆ. ಮಟ್ಟ 5 ಅಂದ್ರೆ 59% ಏಟು ತಾಗುತ್ತೆ, 8ಕ್ಕೆ 43%, 10ಕ್ಕೆ 35%, ನಿಮ್ಮ 20ಕ್ಕೆ ಬರೀ 12%. ಅಂದ್ರೆ ನಿಮ್ಮ 1500ರ ಆನೆಯನ್ನ ಉರುಳಿಸೋಕೆ ಸುಮಾರು 12,300ರಷ್ಟು ಏಟು ಹಾಕಬೇಕು. 20 ಜನ ತಲಾ ಸೆಕೆಂಡಿಗೆ 5ರಂತೆ ಚುಚ್ಚಿದ್ರೂ ಎರಡು ನಿಮಿಷದ ಮೇಲೆ. ಅಷ್ಟರಲ್ಲಿ ಆ 20 ಜನರೇ ಉಳಿದಿರಲ್ಲ. ಅದೇ ಹೆಲ್ತ್ ಇಟ್ಟು ಮಟ್ಟ 8ಕ್ಕೆ ಇಳಿಸಿ, 35 ಸೆಕೆಂಡಿಗೆ ಬೀಳುತ್ತೆ. ದೊಡ್ಡ ಪ್ರಾಣಿ ಅಂತ ತೋರಿಸೋಕೆ ಹೆಲ್ತ್ ಜಾಸ್ತಿ ಮಾಡಿ, ರೆಸಿಸ್ಟನ್ಸ್ ಮುಟ್ಟಬೇಡಿ. ಹೆಲ್ತ್ ದುಪ್ಪಟ್ಟು ಮಾಡಿದ್ರೆ ಬಾಳಿಕೆ ದುಪ್ಪಟ್ಟು ಅಂತ ಕಣ್ಣಿಗೇ ಗೊತ್ತಾಗುತ್ತೆ. ರೆಸಿಸ್ಟನ್ಸ್ ಒಂದೊಂದೇ ಏರಿಸ್ತಾ ಹೋದ್ರೆ ಎಲ್ಲಿ ಕೈ ತಪ್ಪಿತು ಅಂತಾನೇ ತಿಳಿಯಲ್ಲ.

ಇನ್ನೊಂದು, ನೀವು ಮೂಲ ಆನೆಯ ಟೆಂಪ್ಲೇಟನ್ನ (ಯೂನಿಟ್‌ನ ಗುಣಗಳೆಲ್ಲ ಬರೆದಿರೋ ಫೈಲ್) ಪೂರ್ತಿ ಕಾಪಿ ಹೊಡೆದಿರಬೇಕು ಅನ್ನಿಸುತ್ತೆ. ಬೇಡ. ಹೊಸ ಫೈಲ್‌ನ ಮೊದಲ ಸಾಲಲ್ಲಿ ಪೇರೆಂಟ್ ಅಂತ ಮೂಲ ಆನೆಯನ್ನ ತೋರಿಸಿ, ಬದಲಾಗೋ ನಾಲ್ಕು ಸಾಲು ಮಾತ್ರ ಬರೀರಿ. ಸಂಖ್ಯೆ ಇರೋ ಕಡೆ ಗುಣಿಸು ಅಥವಾ ಕೂಡು ಅನ್ನೋ ಆಪರೇಷನ್ ಹಾಕಬಹುದು, 1.2ರಿಂದ ಗುಣಿಸು ಅಂದ್ರೆ ಮೂಲಕ್ಕಿಂತ 20% ಜಾಸ್ತಿ. ಮುಂದಿನ ಆವೃತ್ತೀಲಿ ಮೂಲ ಬದಲಾದ್ರೆ ನಿಮ್ಮದೂ ತಾನಾಗೇ ಬದಲಾಗುತ್ತೆ.

ಆದ್ರೆ ಇದೇ ಉಪಾಯ ಲಾಯಕ್ಕೆ ನಡೆಯಲ್ಲ, ನಿಮ್ಮ ಎರಡನೇ ತೊಂದರೆ ಅಲ್ಲೇ ಇರೋದು. ಮಾಡ್ ಒಳಗೆ ಅದೇ ಹೆಸರಿನ, ಅದೇ ದಾರಿಯ ಫೈಲ್ ಇಟ್ರೆ ಆಟ ಮೂಲ ಫೈಲನ್ನ ಪೂರ್ತಿ ಪಕ್ಕಕ್ಕಿಡುತ್ತೆ, ಎರಡನ್ನೂ ಬೆರೆಸಲ್ಲ. ನೀವು ಒಂದೇ ಯೂನಿಟ್ ಬರೆದ ಚಿಕ್ಕ ಫೈಲ್ ಇಟ್ಟಿದೀರಿ, ಹಳೇ ಆನೆಗಳು ಹೋದ್ವು. ಮೂಲ ಲಾಯದ ಫೈಲನ್ನ ಪೂರ್ತಿ ತಂದು, ಟ್ರೈನರ್ ಭಾಗದಲ್ಲಿ ಒಂದು ಸಾಲು ಸೇರಿಸಿ. ಹಳೇ ಪಾಠಗಳನ್ನ ನೋಡಿ ಪ್ರೊಡಕ್ಷನ್ ಕ್ಯೂ ಭಾಗದಲ್ಲಿ ಬರೆದ್ರೂ ಕೆಲಸ ಆಗಲ್ಲ, 26ನೇ ಆಲ್ಫಾದಿಂದ (2022) ತರಬೇತಿಯ ಪಟ್ಟಿ ಟ್ರೈನರ್‌ಗೆ ಹೋಗಿದೆ. ಹೊಸ ಯೂನಿಟ್ ಬರದೇ ಇರೋಕೆ ಹೆಚ್ಚಿನ ಸಲ ಹೆಸರಿನ ಕೊನೆಗೆ ಫೈಲ್ ವಿಸ್ತರಣೆ ಸೇರಿಸಿರೋದೇ ಕಾರಣ, ಅದನ್ನ ತೆಗೀರಿ. ತಪ್ಪು ಹೆಸರಾದ್ರೆ ಆಟ ಬಯ್ಯೋದೂ ಇಲ್ಲ, ಸುಮ್ನೆ ಬಿಟ್ಟುಬಿಡುತ್ತೆ. ಯೂನಿಟ್ ಸರಿ ಇದೆಯೋ ಇಲ್ವೋ ನೋಡೋಕೆ ಲಾಯವೇ ಬೇಡ, ಯೂನಿಟ್ಸ್ ಡೆಮೋ ಅನ್ನೋ ಮ್ಯಾಪ್ ತೆಗೀರಿ, ಇರೋ ಯೂನಿಟ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತೆ. ಅಲ್ಲಿ ನಿಂತಿದ್ದು ಲಾಯದಲ್ಲಿ ಇಲ್ಲ ಅಂದ್ರೆ ತಪ್ಪು ಲಾಯದ್ದು.

ಬಂಡೆ ವಿಚಾರ. ಅಟ್ಲಾಸ್‌ನಲ್ಲಿ ಆ್ಯಕ್ಟರ್ ಪಟ್ಟಿಯಿಂದ ಇಟ್ಟ ಬಂಡೆ ಬರೀ ಚಿತ್ರ. ಅದಕ್ಕೆ ಅಡ್ಡಿ ಅನ್ನೋದೇ ಇಲ್ಲ, ಸೈನಿಕ ಒಳಗೇ ನಡೆದು ಹೋಗ್ತಾನೆ. ಅದರ ಕೆಳಗೆ ನೆಲವನ್ನ ಕಡಿದಾಗಿ ಎತ್ತರಿಸಿ, ಇಳಿಜಾರೇ ತಡೆಯುತ್ತೆ. ನಮ್ಮ ಕಡೆಯ ಗುಂಡುಕಲ್ಲಿಗೆ ಈ ಪಟ್ಟು ಚೆನ್ನಾಗೇ ಒಪ್ಪುತ್ತೆ, ಬುಡದಲ್ಲಿ ದಿಬ್ಬ, ಮೇಲೆ ಕಲ್ಲು.

ಆನೆ ನಿಲ್ಲೋದು ಇನ್ನೊಂದು ಕಾರಣಕ್ಕೆ. ಕಾಲಾಳುಗಳಿಗೆ ಡಿಫಾಲ್ಟ್ ಅನ್ನೋ ದಾರಿ ವರ್ಗ, ಆನೆಗೆ ಮತ್ತು ಮುತ್ತಿಗೆ ಯಂತ್ರಗಳಿಗೆ ಲಾರ್ಜ್ ವರ್ಗ. ಪಾತ್‌ಫೈಂಡರ್ (ದಾರಿ ಹುಡುಕೋ) ಫೈಲ್‌ನಲ್ಲಿ ಒಂದೊಂದು ವರ್ಗಕ್ಕೂ ಕ್ಲಿಯರೆನ್ಸ್ ಅಂತ ಒಂದು ಅಂಕಿ ಇದೆ. ಅದು ಪ್ರಾಣಿಯ ನಡುಮಧ್ಯದಿಂದ ಒಂದು ಬದಿಗೆ ಬೇಕಾದ ಜಾಗ, ಹಾಗಾಗಿ ಸಂದಿ ಅದರ ಎರಡರಷ್ಟಕ್ಕಿಂತ ಅಗಲ ಇರಲೇಬೇಕು. ನೆಲದ ಒಂದು ಚೌಕ 4 ಮೀಟರ್. ಆನೆ ಹೋಗಬೇಕಾದ ಕಡೆ 3 ಚೌಕ, ಅಂದ್ರೆ 12 ಮೀಟರ್ ಬಿಡಿ. ಹೋಗಬಾರದ ಕಡೆ 1 ಚೌಕ ಸಾಕು, ಕಾಲಾಳು ಮಾತ್ರ ದಾಟ್ತಾನೆ. 2 ಚೌಕದ ಸಂದಿ ಮಾತ್ರ ಇಡಲೇಬೇಡಿ. ದಿಬ್ಬದ ಅಂಚು ಎಲ್ಲಿ ಬಿತ್ತು ಅನ್ನೋದರ ಮೇಲೆ ಒಂದು ಕಡೆ ಹೋಗುತ್ತೆ, ಇನ್ನೊಂದು ಕಡೆ ನಿಲ್ಲುತ್ತೆ, ಆಡೋನಿಗೆ ತಲೆ ಕೆಡುತ್ತೆ. ಆಟದೊಳಗೆ ಆಲ್ಟ್ ಮತ್ತು ಡಿ ಒಟ್ಟಿಗೆ ಒತ್ತಿದ್ರೆ ಡೆವಲಪರ್ ಪಟ್ಟಿ ಬರುತ್ತೆ, ಅದರಲ್ಲಿ ಅಬ್‌ಸ್ಟ್ರಕ್ಷನ್ ಓವರ್‌ಲೇ ಆನ್ ಮಾಡಿದ್ರೆ ಯಾವ ಬಂಡೆಗೆ ನಿಜವಾಗ್ಲೂ ಅಡ್ಡಿ ಇದೆ ಅಂತ ಗೆರೆಯಲ್ಲೇ ಕಾಣುತ್ತೆ.

---

ಇಸಿಲ

ಕೋಡಿಂಗ್ ಬಗ್ಗೆ ಮೇಲಿನವರು ಹೇಳಿದ್ದಾರೆ. ನನ್ನ ತಕರಾರು ಪಟ್ಟಿ ಬಗ್ಗೆ, ಬೇಜಾರಾಗಬೇಡಿ.

ಮೌರ್ಯರ ಆನೆ ಮೇಲೆ ಅಂಬಾರಿ ತೆಗೀರಿ. ದಸರಾ ನೋಡಿ ಬೆಳೆದ ಕಣ್ಣಿಗೆ ಆನೆ ಅಂದ್ರೆ ಅಂಬಾರಿನೇ ಬರುತ್ತೆ, ಒಪ್ತೀನಿ. ಆದ್ರೆ ಚಂದ್ರಗುಪ್ತನ ಆಸ್ಥಾನಕ್ಕೆ ಬಂದಿದ್ದ ಮೆಗಸ್ತನೀಸ್ ಹೇಳೋದು, ಯುದ್ಧದ ಆನೆ ಮೇಲೆ ನಾಲ್ಕು ಜನ, ಒಬ್ಬ ಮಾವುತ, ಮೂವರು ಬಿಲ್ಲುಗಾರರು. ಬೆನ್ನ ಮೇಲೆ ಹಾಸು, ಹಗ್ಗ, ಅಷ್ಟೇ ಸಾಕು. ಮರದ ಗೋಪುರ ಬೇಕಿದ್ರೆ ಸೆಲ್ಯೂಸಿಡ್ ಆನೆಗೆ ಕೊಡಿ. ನಿಮ್ಮ ಕೆಲಸಾನೂ ಕಡಿಮೆ ಆಗುತ್ತೆ. ಹೊಸ ಮೆಶ್ (3ಡಿ ಆಕಾರ) ಮಾಡೋ ಬದಲು ಇರೋ ಆನೆ ಆ್ಯಕ್ಟರ್‌ಗೆ ನಾಲ್ಕು ಸವಾರರನ್ನ ಪ್ರಾಪ್ (ಮೇಲೆ ಅಂಟಿಸೋ ಬಿಡಿ ವಸ್ತು) ಆಗಿ ಕೂರಿಸಿ. ಪ್ರಾಪ್ ಪಾಯಿಂಟಿನ ಹೆಸರು ಆ ಮೆಶ್‌ನಲ್ಲಿ ಇರೋದೇ ಆಗಿರಲಿ, ಇಲ್ಲದಿದ್ರೆ ಲಾಗ್ ಫೈಲ್ ತುಂಬಾ ದೂರು.

ಹಾವಿನ ಮಡಕೆ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ದೇ, ಆದ್ರೆ ಕಾರ್ತೇಜಿನ ಸೇನೆಯದಲ್ಲ. ಸೋತು ಊರು ಬಿಟ್ಟ ಮೇಲೆ ಬಿಥೀನಿಯಾದ ರಾಜ ಪ್ರೂಸಿಯಸ್ ಪರವಾಗಿ ಪೆರ್ಗಮನ್‌ನ ಎರಡನೇ ಯೂಮಿನೀಸ್ ವಿರುದ್ಧ ಸಮುದ್ರದಲ್ಲಿ ಮಾಡಿದ್ದು. ಹಡಗಿನಿಂದ ಹಡಗಿಗೆ ಎಸೆದ ಮಡಕೆ. ಕಾರ್ತೇಜಿಗೆ ಕೊಡಲೇಬೇಕು ಅಂದ್ರೆ ಕನಿಷ್ಠ ಹಡಗಿನ ಮೇಲಿಡಿ. ಚೇಳಿನ ಮಡಕೆ ಮೆಸೊಪೊಟೇಮಿಯಾದ ಹತ್ರಾ ಅನ್ನೋ ಕೋಟೆಯವರು ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಸೇನೆ ಮೇಲೆ ಸುರಿದದ್ದು, ಕ್ರಿ.ಶ. 198-199. ಈ ಆಟದ ಕಾಲ ಕ್ರಿ.ಪೂ. 500ರಿಂದ ಕ್ರಿ.ಪೂ. 1. ಹಾಗಾಗಿ ಚೇಳು ಔಟ್.

ಹಂದಿ ರೋಮನ್ನರಿಗಿಂತ ಗ್ರೀಕರಿಗೆ ಸರಿ. ಸುಮಾರು ಕ್ರಿ.ಪೂ. 266ರಲ್ಲಿ ಮೆಗಾರಾ ಊರಿನವರು ಹಂದಿಗಳಿಗೆ ರಾಳ ಬಳಿದು ಬೆಂಕಿ ಹಚ್ಚಿ ಮೆಸಿಡೋನಿಯಾದ ರಾಜ ಆಂಟಿಗೋನಸ್ ಗೊನಾಟಸ್‌ನ ಆನೆಗಳ ಮೇಲೆ ಬಿಟ್ಟರು. ಅದರ ಬಾಲ ಇನ್ನೂ ಚೆನ್ನಾಗಿದೆ. ಆಮೇಲೆ ಅವನು ಆನೆಗಳ ಜೊತೆಗೇ ಹಂದಿ ಸಾಕಿಸಿದನಂತೆ, ಕಿರುಚಾಟ ರೂಢಿ ಆಗಲಿ ಅಂತ. ಇದನ್ನ ಒಂದು ಸಂಶೋಧನೆಯಾಗಿ ಮೆಸಿಡೋನಿಯಾಗೆ ಕೊಡಬಹುದು, ಮಾಡಿಸಿಕೊಂಡ್ರೆ ಹಂದಿಗೆ ಆನೆ ಬೆದರಲ್ಲ.

ಪರ್ಷಿಯಾಗೆ ಒಂಟೆ ಸರಿಯಾಗಿದೆ. ಲಿಡಿಯಾದ ರಾಜ ಕ್ರೀಸಸ್ ಮೇಲೆ ಹೋದಾಗ ಪರ್ಷಿಯಾದ ರಾಜ ಸೈರಸ್ ಸಾಮಾನು ಹೊರೋ ಒಂಟೆಗಳನ್ನೇ ಮುಂದೆ ನಿಲ್ಲಿಸಿದ, ಕುದುರೆಗಳು ವಾಸನೆಗೇ ತಿರುಗಿಬಿದ್ವು. ಅಂದ್ರೆ ಒಂಟೆ ದಳದ ಕೆಲಸ ಕೊಲ್ಲೋದಕ್ಕಿಂತ ಕುದುರೆ ಕೆಡಿಸೋದು. ಅಟ್ಯಾಕ್ ಕಡಿಮೆ ಇಡಿ, ಬೆಲೆಯನ್ನೂ.

---

ಮಾವುತ_ಮಾಡರ್

ಮದದ ವಿಷಯಕ್ಕೆ ಧೈರ್ಯದ ಲೆಕ್ಕವೇ ಬೇಕಿಲ್ಲ. ಆನೆಯ ಒಡೆತನ ಬದಲಿಸಿದ್ರೆ ಸಾಕು.

ಒಂದು ಚಿಕ್ಕ ಜಾವಾಸ್ಕ್ರಿಪ್ಟ್ ಕಾಂಪೊನೆಂಟ್ ಬರೀರಿ. ಹೆಲ್ತ್ ಬದಲಾದಾಗ ಎಂಜಿನ್ ಒಂದು ಸಂದೇಶ ಕಳಿಸುತ್ತೆ, ಅದರಲ್ಲಿ ಹಳೇ ಅಂಕಿ, ಹೊಸ ಅಂಕಿ ಎರಡೂ ಇರುತ್ತೆ. ಹೊಸದು ಗರಿಷ್ಠದ 20%ಕ್ಕಿಂತ ಕೆಳಗಿಳಿದ್ರೆ ಆನೆಯನ್ನ 0ನೇ ಆಟಗಾರನಿಗೆ, ಅಂದ್ರೆ ಗಾಯಾಗೆ, ಒಪ್ಪಿಸಿ. ಗಾಯಾ ಎಲ್ಲರಿಗೂ ಶತ್ರು. ಆನೆಯ ಬಣ್ಣ ಬೆಳ್ಳಗಾಗುತ್ತೆ, ಎದುರಿಗೆ ಯಾರು ಸಿಕ್ರೂ ತುಳಿಯುತ್ತೆ. ಆನೆಗಳನ್ನ ನಿಮ್ಮ ಸಾಲಿನ ಮುಂದೆ ಒತ್ತಾಗಿ ನಿಲ್ಲಿಸಿದ್ರೆ ಏನಾಗುತ್ತೆ ಅಂತ ಆಡೋರಿಗೆ ಒಂದೇ ಆಟದಲ್ಲಿ ಅರ್ಥ ಆಗುತ್ತೆ.

ಇಲ್ಲಿ ಎರಡು ಕಡೆ ಎಡವ್ತಾರೆ. ಹೊಸ ಅಂಕಿ 0 ಆಗಿದ್ರೆ ಏನೂ ಮಾಡದೆ ವಾಪಸ್ ಬರಬೇಕು, ಇಲ್ಲದಿದ್ರೆ ಸಾಯ್ತಿರೋ ಆನೆಯ ಒಡೆತನ ಬದಲಿಸೋಕೆ ಹೋಗಿ ಎರರ್. ಈಗಾಗ್ಲೇ ಗಾಯಾದ ಕೈಲಿದ್ರೂ ವಾಪಸ್. ಮತ್ತೆ ಕಾಂಪೊನೆಂಟ್ ರಿಜಿಸ್ಟರ್ ಮಾಡಿದ್ರಷ್ಟೇ ಸಾಲದು, ಆನೆಯ ಟೆಂಪ್ಲೇಟ್‌ನಲ್ಲಿ ಅದೇ ಹೆಸರಿನ ಒಂದು ಸಾಲು ಇರಬೇಕು, ಇಲ್ಲದಿದ್ರೆ ಕೋಡ್ ಓಡೋದೇ ಇಲ್ಲ.

ಒಂದು ಸ್ವಾರಸ್ಯ. ಕ್ರಿ.ಪೂ. 207ರ ಮೆಟಾರಸ್ ಕದನದಲ್ಲಿ ಹ್ಯಾನಿಬಲ್‌ನ ತಮ್ಮ ಹಾಸ್ಡ್ರುಬಾಲ್‌ನ ಮಾವುತರ ಹತ್ರ ಉಳಿ ಮತ್ತು ಕೊಡತಿ ಇತ್ತು, ಆನೆ ಕೈ ಮೀರಿದ್ರೆ ಕತ್ತಿನ ಸಂದಿಗೆ ಹೊಡೆದು ಬೀಳಿಸೋಕೆ. ನಿಮ್ಮ ಮಾಡ್‌ಗೆ ಅದನ್ನ ಬೇರೆ ಬರೆಯೋದೇ ಬೇಡ, ಕೀಬೋರ್ಡಿನ ಡಿಲೀಟ್ ಬಟನ್ನೇ ಉಳಿ. ಆನೆ ಬೆಳ್ಳಗಾಗೋ ಮೊದಲು ಒತ್ತಬೇಕು, ಆಮೇಲೆ ಅದು ನಿಮ್ಮದಲ್ಲ. ಅದಕ್ಕೇ ಮಿತಿಯನ್ನ 20%ಕ್ಕಿಂತ ಮೇಲೆ ಏರಿಸಬೇಡಿ, ಯೋಚನೆ ಮಾಡೋಕೂ ಸಮಯ ಸಿಗಲ್ಲ.

ಒಂಟೆಗೆ ಔರಾ (ಸುತ್ತಲಿನವರ ಮೇಲೆ ತಾನಾಗೇ ಆಗೋ ಪರಿಣಾಮ) ಹಾಕಿ. ವಿಧ ರೇಂಜ್, ತ್ರಿಜ್ಯ 20 ಮೀಟರ್, ತಾಗೋದು ಶತ್ರುವಿನ ಅಶ್ವದಳಕ್ಕೆ, ಕೈಕಾಳಗದ ಏಟು 0.8ರಿಂದ ಗುಣಾಕಾರ. ಗಮನಿಸಿ, ಎದುರಾಳಿಯ ಒಂಟೆಗಳೂ ಅಶ್ವದಳದ ವರ್ಗದಲ್ಲೇ ಇವೆ. ಟಾಲೆಮಿಗಳ ಒಂಟೆ ನಿಮ್ಮ ಒಂಟೆ ವಾಸನೆಗೆ ಬೆದರಿದ್ರೆ ನಗೆಪಾಟಲು. ವರ್ಗ ಬರೆಯೋವಾಗ ಅಶ್ವದಳ, ಕೂಡು ಚಿಹ್ನೆ, ಆಶ್ಚರ್ಯ ಚಿಹ್ನೆ, ಒಂಟೆ, ಹೀಗೆ ಸ್ಪೇಸ್ ಇಲ್ಲದೆ ಬರೆದ್ರೆ 'ಒಂಟೆ ಬಿಟ್ಟು ಉಳಿದ ಅಶ್ವದಳ' ಅಂತ ಅರ್ಥ. ಸ್ಪೇಸ್ ಬಿಟ್ರೆ 'ಅಥವಾ' ಆಗಿಬಿಡುತ್ತೆ. ಒಂಟೆ ಅನ್ನೋ ವರ್ಗ ಆ ಟೆಂಪ್ಲೇಟ್‌ಗಳಲ್ಲಿ ಇದೆಯಾ ನೋಡಿ, ಇಲ್ಲದಿದ್ರೆ ನೀವೇ ಸೇರಿಸಿ. ಸ್ಟ್ಯಾಕಬಲ್ ಅನ್ನೋದನ್ನ ಮುಟ್ಟಬೇಡಿ. ಮುಟ್ಟದಿದ್ರೆ 10 ಒಂಟೆ ನಿಂತ್ರೂ ಒಂದೇ ಸಲ ತಾಗುತ್ತೆ. ಆನ್ ಮಾಡಿದ್ರೆ 0.8ನ್ನ ಹತ್ತು ಸಲ ಗುಣಿಸಿ 11%ಗೆ ಬಂದು ನಿಲ್ಲುತ್ತೆ, ಕುದುರೆ ಇದ್ದೂ ಇಲ್ಲದಂಗೆ.

ಹಾವಿಗೆ ಸ್ಟೇಟಸ್ ಎಫೆಕ್ಟ್ (ತಾಗಿದ ಮೇಲೆ ಸ್ವಲ್ಪ ಹೊತ್ತು ಉಳಿಯೋ ಪರಿಣಾಮ). ಅವಧಿ, ಅಂತರ ಎರಡೂ ಮಿಲಿಸೆಕೆಂಡಲ್ಲಿ. 8 ಅಂತ ಬರೆದು ವಿಷವೇ ಏರಲಿಲ್ಲ ಅನ್ನೋರು ಬಹಳ, ಅದು 8000 ಆಗಬೇಕು. ಸೆಕೆಂಡಿಗೆ 2ರಂತೆ 8 ಸೆಕೆಂಡ್ ಅಂದ್ರೆ 100 ಹೆಲ್ತ್ ಇರೋ ಕಾಲಾಳಿಗೆ ಸುಮಾರು 16, ಒಂದು ಮಡಕೆಗೆ ಅಷ್ಟು ಸಾಕು. ಮೇಲಿಂದ ಮೇಲೆ ಬಿದ್ರೆ ಏನು ಅನ್ನೋ ಜಾಗದಲ್ಲಿ ಎಕ್ಸ್‌ಟೆಂಡ್ ಇಡಿ, ವಿಷದ ಕಾಲ ಉದ್ದ ಆಗುತ್ತೆ. ಸ್ಟ್ಯಾಕ್ ಇಟ್ರೆ 10 ಮಡಕೆಗೆ ಸೆಕೆಂಡಿಗೆ 20 ಆಗಿ ಐದಾರು ಸೆಕೆಂಡಲ್ಲಿ ಒಂದು ಸಾಲೇ ಮಲಗುತ್ತೆ. ಸ್ಪ್ಲಾಶ್‌ನಲ್ಲಿ (ಸುತ್ತ ಸಿಡಿಯೋ ಏಟು) ಫ್ರೆಂಡ್ಲಿ ಫೈರ್ (ತನ್ನವರಿಗೂ ತಾಗೋದು) ಟ್ರೂ ಮಾಡಿ, ಹಾವಿಗೆ ನಮ್ಮವರು ನಿಮ್ಮವರು ಗೊತ್ತಿಲ್ಲ. ಕಟ್ಟಡಗಳನ್ನ ನಿರ್ಬಂಧಿತ ವರ್ಗಕ್ಕೆ ಹಾಕೋದು ಮರೀಬೇಡಿ, ಕೋಟೆ ಗೋಡೆಗೆ ವಿಷ ಏರೋದು ಚೆನ್ನಾಗಿರಲ್ಲ.

---

ಗಜದಳ_ದಾವಣಗೆರೆ

ಎಲ್ಲರಿಗೂ ಧನ್ಯವಾದ. ಚೇಳು ತೆಗೆದೆ, ಹಾವು ಹಡಗು ಹತ್ತಿತು, ಅಂಬಾರಿ ಇಳಿಸಿದೆ. ಲಾಯ ಸರಿಹೋಯ್ತು. ಮದದ ಕೋಡ್ ಓಡ್ತಿದೆ. ಒಂದೇ ತೊಂದರೆ, ಹೀರೋ ಚಂದ್ರಗುಪ್ತನೂ ಬೆಳ್ಳಗಾಗಿ ತನ್ನದೇ ಊರನ್ನ ಒಡೆಯೋಕೆ ಶುರು ಮಾಡ್ದ.

---

ಮಾವುತ_ಮಾಡರ್

ಎಲ್ಲಾ ಆನೆಗಳ ಮೂಲ ಟೆಂಪ್ಲೇಟ್‌ಗೇ ಸಾಲು ಹಾಕಿದೀರಿ, ಅವನೂ ಆನೆ ಮೇಲೆ ಕೂತಿದಾನಲ್ಲ! ಅಲ್ಲಿಂದ ತೆಗೆದು ಚಾಂಪಿಯನ್ ಆನೆಗೂ ಬಿಲ್ಲಿನ ಆನೆಗೂ ಬೇರೆ ಬೇರೆ ಹಾಕಿ. ಕೆಲಸದ ಆನೆಗೆ ಹಾಕಬೇಡಿ, ಮರ ಹೊರೋ ಆನೆ ಊರೊಳಗೇ ಇರುತ್ತೆ.

---

ಕಲ್ಲಿನಕೋಟೆ

ಗೆಳೆಯರಿಗೆ ಕೊಡೋ ಮುಂಚೆ ಒಂದು ಮಾತು. ಜಿಪ್ ಮಾಡೋವಾಗ ಫೋಲ್ಡರನ್ನೇ ಜಿಪ್ ಮಾಡಬೇಡಿ, ಒಳಗೆ ಹೋಗಿ ಎಲ್ಲಾ ಆಯ್ಕೆ ಮಾಡಿ ಜಿಪ್ ಮಾಡಿ. ಮಾಡ್‌ನ ಜೇಸನ್ ಫೈಲ್ ಜಿಪ್ ತೆರೆದ ತಕ್ಷಣ ಕಾಣಬೇಕು, ಒಂದು ಮೆಟ್ಟಿಲು ಒಳಗಿದ್ರೂ ಮಾಡ್ ಪಟ್ಟೀಲಿ ಬರಲ್ಲ. ಅದೇ ಫೈಲ್‌ನಲ್ಲಿ ಆವೃತ್ತಿ ಸಂಖ್ಯೆ ಪ್ರತಿ ಬದಲಾವಣೆಗೂ ಏರಿಸಿ. ಇಬ್ಬರ ಹತ್ರ ಒಂದೇ ಸಂಖ್ಯೆ, ಒಳಗೆ ಬೇರೆ ಬೇರೆ ಅಂಕಿ ಇದ್ರೆ ಆಟ ಸೇರಿಸಿಕೊಳ್ಳುತ್ತೆ, ಆಮೇಲೆ ನಡುವೆ ಎಲ್ಲೋ ಔಟ್ ಆಫ್ ಸಿಂಕ್ (ಇಬ್ಬರ ಆಟ ಹೊಂದ್ತಿಲ್ಲ) ಅಂತ ನಿಲ್ಲುತ್ತೆ.