ನಾಟಕದಿಂದ ಧಾರಾವಾಹಿಗೆ: ವೈಶಾಲಿ ಕಾಸರವಳ್ಳಿಯವರ ಕೆಲಸದಿಂದ ಏನು ಕಲಿಸಬಹುದು?

ರಂಗಪಾಠ:
ಹವ್ಯಾಸಿ ನಾಟಕಗಳಿಂದ ಧಾರಾವಾಹಿಗೆ ಹೊರಟ ಕಲಾವಿದರಿಗೆ ನಟಿ, ನಿರ್ದೇಶಕಿ ವೈಶಾಲಿ ಕಾಸರವಳ್ಳಿಯವರ ಕೆಲಸವನ್ನು ತೋರಿಸಿ ಪಾಠ ಮಾಡಬೇಕೆಂದಿದೆ. ಯಾವುದರಿಂದ ಶುರು ಮಾಡುವುದು? ಇನ್ನೊಂದು, ಕ್ಯಾಮೆರಾ ಮುಂದೆ ದನಿ ತಗ್ಗಿಸಿ ಎಂದರೆ ಇವರ ಮಾತೇ ಸಪ್ಪೆಯಾಗುತ್ತದೆ. ಏನು ಮಾಡಬಹುದು?

ತೆರೆಮರೆ:
‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿ ಎಂಬ ಹುಡುಗನ ಕಂತುಗಳಿಂದ ಶುರು ಮಾಡಿ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ್ದು. ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ; ಇಬ್ಬರೂ ರಂಗಭೂಮಿಯವರೇ. ಮೊದಲ ಸಲ ಸದ್ದಿಲ್ಲದೆ ತೋರಿಸಿ, ಎದುರಿನವರು ಮಾತಾಡುವಾಗ ಇವರ ಕಣ್ಣು, ಕೈ ಏನು ಮಾಡುತ್ತಿವೆ ಎಂದು ಬರೆಸಿ.

ಇನ್ನು ದನಿ. ದನಿಯ ಜೊತೆ ಉಸಿರನ್ನೂ ಇಳಿಸಿಬಿಡುವುದರಿಂದ ಮಾತು ಸಪ್ಪೆಯಾಗುತ್ತದೆ. ಹೊಟ್ಟೆಯಿಂದ ಬರುವ ಉಸಿರಿನ ಬಲ ಹಾಗೇ ಇರಲಿ, ಮಾತು ಮುಟ್ಟಬೇಕಾದ ದೂರ ಮಾತ್ರ ಕಡಿಮೆಯಾಗಲಿ. ಒಂದೇ ಸಾಲನ್ನು 30 ಅಡಿ, 10 ಅಡಿ, 3 ಅಡಿ ದೂರದಲ್ಲಿ ನಿಂತವರಿಗೆ ಹೇಳಿಸಿ. ಮೊಬೈಲನ್ನು ಬಾಯಿಂದ ಒಂದು ಗೇಣು ಕೆಳಗೆ, ಬಟ್ಟೆಗೆ ಸಿಕ್ಕಿಸುವ ಪುಟ್ಟ ಲೇಪಲ್ ಮೈಕ್ ಇರುವ ಜಾಗದಲ್ಲಿಟ್ಟು ಮೂರನ್ನೂ ರೆಕಾರ್ಡ್ ಮಾಡಿ. ಕೇಳುವಾಗ ವಾಕ್ಯದ ಕೊನೆಯನ್ನೇ ಗಮನಿಸಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಬರ್ತೀನಿ’ಯೋ ‘ಬರಲ್ಲ’ವೋ ಅಲ್ಲೇ ನುಂಗಿಹೋದರೆ ಅರ್ಥವೇ ಕೆಟ್ಟಿತು.

ಎಡಿಟ್ ಟೇಬಲ್:
ದನಿ ವಾರದಲ್ಲಿ ಸರಿಹೋಗುತ್ತದೆ. ಹೆಚ್ಚು ಕಾಡುವುದು ಕಂಟಿನ್ಯುಟಿ, ಅಂದರೆ ಒಂದು ಶಾಟ್‌ಗೆ ಇನ್ನೊಂದು ಹೊಂದುವುದು. ಇಡೀ ದೃಶ್ಯ ಒಟ್ಟಿಗೆ ಕಾಣುವ ಮಾಸ್ಟರ್ ಶಾಟ್‌ನಲ್ಲಿ ಯಾವ ಪದಕ್ಕೆ ಲೋಟ ಎತ್ತಿದರೋ ಕ್ಲೋಸಪ್‌ನಲ್ಲೂ ಅದೇ ಪದಕ್ಕೆ, ಅದೇ ಕೈಯಲ್ಲಿ ಎತ್ತಬೇಕು. ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಕ್ಲೋಸಪ್ ಆದರೂ ಬಳಸಲಾಗುವುದಿಲ್ಲ. ರಂಗದ ಮೇಲೆ ದಿನಕ್ಕೊಂದು ರೀತಿ ಮಾಡಿ ರೂಢಿಯಾದವರು ಇಲ್ಲೇ ಎಡವುತ್ತಾರೆ. ಹಾಗಾಗಿ ಕೈಗೆ ಕೆಲಸ ಕಡಿಮೆ ಕೊಡಿ, ಕೊಟ್ಟದ್ದನ್ನು ಪದಕ್ಕೆ ಗಂಟುಹಾಕಿ.

ಮರೆಯಿಂದ ಮಾತು ಹೇಳಿಕೊಡುವ ಪ್ರಾಂಪ್ಟಿಂಗ್ ಇರುವ ಸೆಟ್‌ನಲ್ಲಿ ಪ್ರಾಂಪ್ಟರ್ ಪೂರ್ತಿ ಮುಗಿಸಿದ ಮೇಲೇ ಬಾಯಿ ತೆರೆಯಬೇಕು. ನೇರ ಧ್ವನಿಗ್ರಹಣದಲ್ಲಿ ಎರಡು ದನಿ ಒಂದರ ಮೇಲೊಂದು ಬಿದ್ದರೆ ಬೇರ್ಪಡಿಸುವುದು ಬಲು ಕಷ್ಟ. ಕಾಯುವ ಆ ಗಳಿಗೆಯಲ್ಲಿ ಮುಖ ಖಾಲಿಯಾಗಬಾರದು, ಕಣ್ಣು ಅತ್ತ ಹೊರಳಬಾರದು.

ಸೆರಗು:
ದಯವಿಟ್ಟು ವೈಶಾಲಿಯವರನ್ನು ಬರೀ ನಟಿ ಎಂದು ಪರಿಚಯಿಸಬೇಡಿ. ‘ತಾಯಿ ಸಾಹೇಬ’ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ‘ಮೂಡಲ ಮನೆ’, ‘ಮುತ್ತಿನ ತೋರಣ’ ಧಾರಾವಾಹಿಗಳ ನಿರ್ದೇಶಕಿ. 1952ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಅವರು ‘ಮೂಡಲ ಮನೆ’ಯಲ್ಲಿ ಉತ್ತರ ಕರ್ನಾಟಕದ ಮಾತನ್ನು ಇಡೀ ಮನೆತನದ ಮಾತಾಗಿಸಿದರು, ಹಾಸ್ಯಪಾತ್ರಕ್ಕೆ ಮೀಸಲಿಡಲಿಲ್ಲ. ದನಿಯ ಪಾಠಕ್ಕೆ ಇದನ್ನೇ ಇಟ್ಟುಕೊಳ್ಳಿ. ‘ಮಾಲ್ಗುಡಿ’ಯ ಮಾತು ಕನ್ನಡದ್ದಲ್ಲವಲ್ಲ. ವೈಶಾಲಿ 2010ರಲ್ಲಿ ತೀರಿಕೊಂಡರು.

ಬಟ್ಟೆಯನ್ನೂ ಪಾಠಕ್ಕೆ ಸೇರಿಸಿ. ಒತ್ತೊತ್ತಾದ ಸಣ್ಣ ಗೆರೆ, ಸಣ್ಣ ಚೌಕುಳಿ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ನಡುಗುತ್ತವೆ. ಗಂಜಿ ಹಾಕಿದ ಹತ್ತಿ ಸೀರೆಯ ಸರಬರ ಮೈಕಿಗೆ ಮಾತಿನಷ್ಟೇ ಜೋರಾಗಿ ಕೇಳುತ್ತದೆ. ಒಂದೆರಡು ಸಲ ಒಗೆದ ಸೀರೆ ಉಡಿಸಿ, ಸೆರಗಿಗೆ ಪಿನ್ ಹಾಕಿಸಿ, ಹಾಕಿದ ಮೇಲೆ ಒಂದು ಫೋಟೊ ತೆಗೆದಿಡಿ. ಮುಂದಿನ ಶಾಟ್‌ಗೆ ನೆರಿಗೆ ಹೊಂದಿಸಲು ಅದೇ ಆಧಾರ.