ಶೆಲ್ಟರಿನಿಂದ 9 ವರ್ಷದ ಲ್ಯಾಬ್ರಡಾರ್ ನಾಯಿ: ಮನೆಗೆ ತರೋ ಮುಂಚೆ ಏನೇನು ನೋಡ್ಬೇಕು?

ಮೂರನೇಮಹಡಿ:
ಊರು ಬೆಂಗಳೂರು, ಮೂರನೇ ಮಹಡಿ, ಲಿಫ್ಟ್ ಇದೆ, ಮನೆ ತುಂಬಾ ವಿಟ್ರಿಫೈಡ್ ಟೈಲ್ಸ್. ಶೆಲ್ಟರಿನಲ್ಲಿರೋದು ಹೆಣ್ಣು ಲ್ಯಾಬ್ರಡಾರ್. ಕಾರ್ಡಿನಲ್ಲಿ ವಯಸ್ಸು 9, ತೂಕ 34 ಕೆಜಿ, ಸಂತಾನಹರಣ ಆಗಿದೆ. ಎದ್ದೇಳುವಾಗ ಹಿಂಗಾಲು ತಡವರಿಸುತ್ತೆ. ಹಳೇ ದಾಖಲೆ ಯಾವುದೂ ಇಲ್ಲ. ಸಹಿ ಹಾಕೋ ಮೊದಲು ಯಾವ ಟೆಸ್ಟ್ ಮಾಡಿಸ್ಬೇಕು? ಮೊದಲ ಕೆಲವು ವಾರ ಹೇಗೆ ನೋಡ್ಕೊಳ್ಳೋದು? ಅಪಾರ್ಟ್‌ಮೆಂಟ್ ಸಂಘದವರು "ದೊಡ್ಡ ನಾಯಿ ಬೇಡ" ಅಂತಿದ್ದಾರೆ, ಅದಕ್ಕೇನು ಮಾಡೋದು?

ಉಣ್ಣಿವೈರಿ:
9 ಅನ್ನೋದನ್ನ ಅಂದಾಜು ಅಂತಲೇ ಇಟ್ಕೊಳ್ಳಿ. ಹಲ್ಲು ನೋಡಿ ಮರಿಗಳ ವಯಸ್ಸು ಸರಿಯಾಗಿ ಹೇಳಬಹುದು. ಐದಾರು ವರ್ಷ ದಾಟಿದ ಮೇಲೆ 7 ಇರಬಹುದು, 11 ಇರಬಹುದು. ವಯಸ್ಸಿಗಿಂತ ರಕ್ತಪರೀಕ್ಷೆ ಏನು ಹೇಳುತ್ತೆ ನೋಡಿ.

ನಮ್ಮ ಕಡೆ ಮೊದಲ ಅನುಮಾನ ಉಣ್ಣಿ ಜ್ವರದ ಮೇಲೇ ಹೋಗ್ಬೇಕು. ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ. ಪ್ಲೇಟ್‌ಲೆಟ್ 2 ಲಕ್ಷಕ್ಕಿಂತ ಕೆಳಗಿದ್ರೆ ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡೋದು) ಇನ್ನೊಮ್ಮೆ ಎಣಿಸಿ ಅನ್ನಿ, ಯಾಕಂದ್ರೆ ಅವು ಗುಂಪುಗಟ್ಟಿದ್ರೆ ಮೆಷಿನ್ ಕಡಿಮೆ ತೋರಿಸುತ್ತೆ. ಕ್ಲಿನಿಕ್‌ಗಳಲ್ಲಿ ಸಿಗೋ 4ಡಿಎಕ್ಸ್ ಅನ್ನೋ ರಕ್ತಪರೀಕ್ಷೆ ಕಿಟ್ ಉಣ್ಣಿಯಿಂದ ಬರೋ ಎರ್ಲಿಕಿಯಾ, ಅನಾಪ್ಲಾಸ್ಮಾ, ಜೊತೆಗೆ ಹೃದಯದ ಹುಳ ಹಿಡಿಯುತ್ತೆ, ಆದ್ರೆ ಉಣ್ಣಿಯಿಂದಲೇ ಬರೋ ಇನ್ನೊಂದು ಸೋಂಕು ಬೆಬೀಸಿಯಾ ಅದರಲ್ಲಿಲ್ಲ. "ಟಿಕ್ ಫೀವರ್ ನೆಗೆಟಿವ್" ಅಂತ ಚೀಟಿ ಹಿಡ್ಕೊಂಡು ಬಂದ ನಾಯಿ ವಾರದಲ್ಲಿ ಒಸಡು ಬಿಳುಚಿಕೊಂಡು ಮಲಗಿಬಿಡೋದಕ್ಕೆ ಇದೂ ಒಂದು ಕಾರಣ. ಬೆಬೀಸಿಯಾಗೆ ಸ್ಮಿಯರ್ ಬೇಕು, ಸಾಧ್ಯ ಆದ್ರೆ ಪಿಸಿಆರ್ (ರೋಗಾಣುವಿನ ಡಿಎನ್ಎ ಹುಡುಕೋ ಪರೀಕ್ಷೆ) ಕೂಡ.

ಎರ್ಲಿಕಿಯಾ ಪಾಸಿಟಿವ್ ಬಂದ್ರೆ ಗಾಬರಿ ಬೇಡ. ಕಿಟ್ ನೋಡೋದು ಪ್ರತಿಕಾಯವನ್ನ (ಸೋಂಕಿನ ವಿರುದ್ಧ ದೇಹ ಮಾಡಿಕೊಳ್ಳೋ ಪ್ರೋಟೀನ್), ಅದು ಹಳೇ ಸೋಂಕಿನದ್ದೂ ಆಗಿರಬಹುದು. ಪ್ಲೇಟ್‌ಲೆಟ್ ಕೂಡ ಕಡಿಮೆ ಇದ್ರೆ ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್ ಬರೀತಾರೆ: ಕೆಜಿಗೆ ದಿನಕ್ಕೆ 10 ಮಿಗ್ರಾಂ, 28 ದಿನ. ಐದನೇ ದಿನಕ್ಕೇ ಚುರುಕಾಯ್ತು ಅಂತ ನಿಲ್ಲಿಸ್ಬೇಡಿ. ಮಾತ್ರೆ ಊಟದ ಜೊತೆ ಕೊಡಿ, ಒಣಗಂಟಲಿಗೆ ಹಾಕಿದ್ರೆ ಅನ್ನನಾಳಕ್ಕೆ ಅಂಟಿ ಹುಣ್ಣಾಗುತ್ತೆ. ಆ ಹೊತ್ತಿನ ಊಟ ಮೊಸರನ್ನ ಆಗಿರೋದು ಬೇಡ, ಕ್ಯಾಲ್ಸಿಯಂ ಔಷಧಿಯನ್ನ ಹಿಡಿದಿಟ್ಕೊಳ್ಳುತ್ತೆ.

ಇದರ ಜೊತೆ ಲಿವರ್, ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಬೆಳಗಿನ ಮೊದಲ ಮೂತ್ರದ ಸಾಂದ್ರತೆ ನೋಡಿಸಿ. ಕಿಡ್ನಿ ಸೋಲ್ತಾ ಬಂದಾಗ ಕ್ರಿಯಾಟಿನಿನ್ ಏರೋಕಿಂತ ಮೊದಲೇ ಮೂತ್ರ ನೀರಾಗುತ್ತೆ. 34 ಕೆಜಿ ಹೆಣ್ಣು ಲ್ಯಾಬ್‌ಗೆ ಹೆಚ್ಚು, ಹಾಗಾಗಿ ಥೈರಾಯ್ಡ್ ಕೂಡ ಸೇರಿಸಿ.

ಗೊರಸುಪಟ್ಟಿ:
ಹಿಂಗಾಲಿನ ಬಗ್ಗೆ. ಎಲ್ಲರೂ "ವಯಸ್ಸಾಯ್ತು, ಕೀಲುನೋವು" ಅಂದುಬಿಡ್ತಾರೆ, ಆದ್ರೆ ನರದ ತೊಂದರೇನೂ ಹಾಗೇ ಕಾಣುತ್ತೆ. ಹಿಂಗಾಲಿನ ನಡುವಿನ ಎರಡು ಉಗುರು ನೋಡಿ. ಮೇಲ್ಭಾಗ ಸವೆದು ಚಪ್ಪಟೆಯಾಗಿದ್ರೆ ಕಾಲು ಎಳೀತಿದೆ ಅಂತ ಅರ್ಥ. ಆಮೇಲೆ ನಿಂತಿರುವಾಗ ಪಾದವನ್ನ ಮೆಲ್ಲಗೆ ಮಡಚಿ ಮೇಲ್ಭಾಗ ನೆಲಕ್ಕೆ ತಾಗಿಸಿ. ಕೂಡಲೇ ತಿರುಗಿಸಿ ಊರ್ಬೇಕು. ತಡವಾದ್ರೆ ಬೆನ್ನುಹುರಿ ಪರೀಕ್ಷೆ ಆಗ್ಲೇಬೇಕು. ಉಗುರು ಸಮ ಇದ್ದು, ಎದ್ದಾಗ ಮಾತ್ರ ಬಿಗಿತ, ನಾಲ್ಕು ಹೆಜ್ಜೆಗೆ ಸಡಿಲ ಆದ್ರೆ ಸಂಧಿವಾತದ ಕಡೆಗೇ ವಾಲುತ್ತೆ.

ಮನೇಲಿರೋ ಬ್ರೂಫೆನ್, ಕ್ರೋಸಿನ್ ದಯವಿಟ್ಟು ಕೊಡಬೇಡಿ. ಬ್ರೂಫೆನ್ ಹೊಟ್ಟೆಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತೆ. ನಾಯಿಗಳ ನೋವಿನ ಔಷಧಿ ಕೂಡ ಕಿಡ್ನಿ ರಿಪೋರ್ಟ್ ನೋಡಿದ ಮೇಲೆಯೇ.

ನಿಮ್ಮ ಟೈಲ್ಸ್ ಅವಳಿಗೆ ಮಂಜುಗಡ್ಡೆ. ಮಲಗೋ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ತಳದ ಮ್ಯಾಟ್ ಸಾಲಾಗಿ ಹಾಸಿ, ನಡುವೆ ಸಂದು ಬಿಡಬೇಡಿ. ಬೆರಳ ಸಂದಿನ ಕೂದಲು ಕತ್ತರಿಸಿ. ತೂಕ ಇಳಿಸೋದೇ ದೊಡ್ಡ ಔಷಧಿ: ವಾರಕ್ಕೆ 300 ಗ್ರಾಂ ಸಾಕು, ಪಕ್ಕೆಲುಬು ಕೈಗೆ ಸಿಗೋ ತನಕ.

ಊಟವನ್ನ ಒಮ್ಮೆಲೇ ಬದಲಾಯಿಸ್ಬೇಡಿ. ಶೆಲ್ಟರಿನವರು ಕೊಡ್ತಿದ್ದದ್ದನ್ನೇ ಮೊದಲ 3 ದಿನ ಕೊಡಿ, ಆಮೇಲೆ 7 ದಿನದಲ್ಲಿ ಕಾಲುಭಾಗದ ಲೆಕ್ಕದಲ್ಲಿ ಹೊಸದು ಸೇರಿಸ್ತಾ ಹೋಗಿ. ನೆಂಟರಿಗೆ ಎರಡು ವಾರ ಬರಬೇಡಿ ಅನ್ನಿ. ಮಲಗಿದ್ದಾಗ ಮುಟ್ಟಿ ಎಬ್ಬಿಸ್ಬೇಡಿ, ಕಿವಿ ಮಂದ ಇರಬಹುದು. ಎರಡು ಹೆಜ್ಜೆ ದೂರದಲ್ಲಿ ನೆಲ ತಟ್ಟಿ, ಅದುರು ಗೊತ್ತಾಗುತ್ತೆ.

ಕಾಗದಪತ್ರ:
ಸಂಘದ ವಿಷಯ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಬಹುಮತದಿಂದ ನಿರ್ಣಯ ಮಾಡಿದ್ರೂ ಸಾಕುಪ್ರಾಣಿ ಬೇಡ ಅನ್ನೋಕಾಗಲ್ಲ, ಲಿಫ್ಟ್ ಬಳಸಬೇಡಿ ಅನ್ನೋಕೂ ಆಗಲ್ಲ. ಪ್ರಿಂಟ್ ತೆಗೆದು ಪತ್ರದ ಜೊತೆ ಕೊಡಿ, ಜಗಳ ಬೇಡ. ರೇಬೀಸ್ ಸರ್ಟಿಫಿಕೇಟು, ಸಂತಾನಹರಣದ ಚೀಟಿ, ದತ್ತು ಪತ್ರ, ಪಾಲಿಕೆ ಲೈಸೆನ್ಸು ಒಂದೇ ಫೈಲಿನಲ್ಲಿರಲಿ. ಮೈಕ್ರೋಚಿಪ್ (ಚರ್ಮದಡಿ ಹಾಕೋ ಗುರುತಿನ ಚಿಪ್) ಇದ್ರೆ ನಿಮ್ಮ ಹೆಸರಿಗೆ ಬದಲಾಯಿಸಿ. ಲಸಿಕೆ ದಾಖಲೆ ಇಲ್ಲ ಅಂದ್ರೆ ಆಗಿಲ್ಲ ಅಂತಲೇ ಲೆಕ್ಕ: ರೇಬೀಸ್ ಹೊಸದಾಗಿ, ಲೆಪ್ಟೋ (ಇಲಿ ಜ್ವರ) 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್, ಮಳೆಗಾಲಕ್ಕೆ ಮುಂಚೆ ಆದ್ರೆ ಒಳ್ಳೇದು.

ಮೂರನೇಮಹಡಿ:
ಉಗುರು ನೋಡಿದೆ. ಎಡ ಹಿಂಗಾಲಿನದ್ದು ಮಾತ್ರ ಸವೆದಿದೆ. ಹಾಗಾದ್ರೆ ಬೇಡ ಅನ್ನಬೇಕಾ?

ಗೊರಸುಪಟ್ಟಿ:
ಖಂಡಿತ ಬೇಡ ಅನ್ನಬೇಕಿಲ್ಲ. ಸೊಂಟದ ಎಕ್ಸ್‌ರೇ ಒಂದೇ ತೆಗೆಸಿ ಬರಬೇಡಿ, ಬೆನ್ನುಮೂಳೆಯದ್ದೂ ತೆಗೆಸಿ, ನರಗಳ ಪರೀಕ್ಷೆ ಮಾಡಿಸಿ. ಶೆಲ್ಟರಿನವರನ್ನ ಎರಡು ವಾರ ಫಾಸ್ಟರ್ ಆಗಿ (ದತ್ತಿಗೆ ಮೊದಲು ತಾತ್ಕಾಲಿಕವಾಗಿ) ಕೊಡ್ತೀರಾ ಅಂತ ಕೇಳಿ, ಎಷ್ಟೋ ಕಡೆ ಒಪ್ತಾರೆ. ಕರೆಂಟ್ ಹೋಗಿ ಲಿಫ್ಟ್ ನಿಂತ ದಿನಕ್ಕೆ ಉದ್ದನೆಯ ಟವೆಲ್ ಒಂದು ಬಾಗಿಲ ಹತ್ತಿರವೇ ಇರಲಿ: ಹಿಂಗಾಲಿನ ಮುಂದೆ ಹೊಟ್ಟೆ ಕೆಳಗೆ ಹಾಯಿಸಿ, ಎರಡೂ ತುದಿ ಮೇಲೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿ.